ಬೆಳಕು ತಳ್ಳಿತೋ, ನೀರು ಹೊತ್ತೊಯ್ದಿತೋ?

2020ರಲ್ಲಿ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡವೊಂದು ದ್ರವದಲ್ಲಿ ತೇಲುತ್ತಿದ್ದ ಚಿನ್ನದ ನ್ಯಾನೋಕಣಗಳ ಮೇಲೆ ಲೇಸರ್ ಬಿಟ್ಟು ನೋಡಿತು. ಕೆಲವು ಕಣಗಳು ಬೆಳಕು ಹೋಗುವ ದಿಕ್ಕಿನಲ್ಲೇ ಓಡಿದವು. ಅದು ನಿರೀಕ್ಷಿತವೇ. ಇನ್ನು ಕೆಲವು ಮಾತ್ರ ಲೇಸರ್ ಬರುತ್ತಿದ್ದ ಕಡೆಗೇ ಎದುರಾಗಿ ಓಡಿದವು! ವೇಗವೂ ಸಾಮಾನ್ಯದ್ದಲ್ಲ. ಸೆಕೆಂಡಿಗೆ ಸುಮಾರು 3,36,000 ಮೈಕ್ರೋಮೀಟರ್‌ವರೆಗೆ, ಅಂದರೆ 34 ಸೆಂಟಿಮೀಟರಿನಷ್ಟು. ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಗಾತ್ರದ ಚೂರು ಹೀಗೆ ಓಡಿತು ಅಂದರೆ ನಂಬಲು ಕಷ್ಟ.

ಅದರ ಕಾರಣಕ್ಕೆ ಆಮೇಲೆ ಬರೋಣ. ಮೊದಲು ಇನ್ನೊಂದು ಪ್ರಶ್ನೆ ಇದೆ. ಬೆಳಕು ಬಿತ್ತು, ಕಣ ಚಲಿಸಿತು. ಹಾಗಂತ ಬೆಳಕೇ ಅದನ್ನು ತಳ್ಳಿತು ಅಂತ ಹೇಳಬಹುದಾ? ಬೆಳಕು ನೀರನ್ನು ಬಿಸಿ ಮಾಡಿರಬಹುದು. ಬಿಸಿ ನೀರು ಹರಿದು ಕಣವನ್ನು ಹೊತ್ತೊಯ್ದಿರಬಹುದು. ಕಣದ ಮೈಮೇಲೆ ರಾಸಾಯನಿಕ ಕ್ರಿಯೆ ಶುರುವಾಗಿರಬಹುದು. ಅಥವಾ ಬೆಳಕಿಗೂ ಇದಕ್ಕೂ ಸಂಬಂಧವೇ ಇಲ್ಲದೆ, ಕಣ ತನ್ನ ಪಾಡಿಗೆ ತಾನು ಅಲೆದಾಡುತ್ತಿರಬಹುದು. ದ್ರವದಲ್ಲಿ ಬೆಳಕಿನಿಂದ ಓಡುವ ಕಣಗಳ ಅಧ್ಯಯನದಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಈ ಜಗಳವನ್ನು ಬಿಡಿಸುವುದೇ.

ಈ ಜಗಳ ಹಳೆಯದು. 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಕ್ರೂಕ್ಸ್ ಒಂದು ಗಾಜಿನ ಬುರುಡೆ ಮಾಡಿದರು. ಒಳಗಿನ ಗಾಳಿಯನ್ನು ಬಹುಪಾಲು ತೆಗೆದು, ಒಂದು ಬದಿ ಕಪ್ಪು, ಇನ್ನೊಂದು ಬದಿ ಬಿಳುಪಾಗಿರುವ ಪುಟ್ಟ ರೆಕ್ಕೆಗಳನ್ನು ಸೂಜಿಯ ಮೇಲೆ ಕೂರಿಸಿದರು. ಬಿಸಿಲಿಗಿಟ್ಟರೆ ರೆಕ್ಕೆ ಗಿರಗಿರ ತಿರುಗುತ್ತದೆ. ನೋಡಿದವರೆಲ್ಲ ಬೆಳಕೇ ತಳ್ಳುತ್ತಿದೆ ಅಂದುಕೊಂಡರು. ಆದರೆ ದಿಕ್ಕು ಗಮನಿಸಿ. ಬೆಳಕು ಬಿಳಿ ಬದಿಯಿಂದ ವಾಪಸ್ ಚಿಮ್ಮುತ್ತದೆ, ಕಪ್ಪು ಬದಿಯಲ್ಲಿ ಹೀರಿಹೋಗುತ್ತದೆ. ಚಿಮ್ಮಿದಾಗ ಸಿಗುವ ನೂಕು ಹೀರಿದಾಗ ಸಿಗುವುದರ ಎರಡರಷ್ಟು. ಹಾಗಾಗಿ ಬಿಳಿ ಬದಿ ಬೆಳಕಿನಿಂದ ದೂರ ಸರಿಯಬೇಕಿತ್ತು. ನಿಜವಾಗಿ ಸರಿಯುವುದು ಕಪ್ಪು ಬದಿ. ಅದನ್ನು ನೂಕುತ್ತಿದ್ದದ್ದು ಬುರುಡೆಯೊಳಗೆ ಉಳಿದಿದ್ದ ಚೂರುಪಾರು ಗಾಳಿ. ಕಪ್ಪು ಬದಿ ಬಿಸಿಯಾಗಿ, ಆ ಗಾಳಿಯಿಂದ ನೂಕು ಸಿಗುತ್ತಿತ್ತು.

ಬೆಳಕು ನಿಜವಾಗಿಯೂ ತಳ್ಳುತ್ತದೆ ಅನ್ನುವುದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಲ್ಲೇ ಲೆಕ್ಕ ಹಾಕಿ ಹೇಳಿದ್ದ ಮಾತು. ಬೆಳಕಿಗೆ ತೂಕವಿಲ್ಲದಿದ್ದರೂ ಸಂವೇಗವಿದೆ. ಏನಕ್ಕಾದರೂ ತಗುಲಿದಾಗ ಅದನ್ನು ಕೊಟ್ಟುಹೋಗುತ್ತದೆ. ಮಾಸ್ಕೋದಲ್ಲಿ ಪ್ಯೋಟರ್ ಲೆಬೆಡೆವ್, ಅಮೆರಿಕದಲ್ಲಿ ನಿಕೋಲ್ಸ್ ಮತ್ತು ಹಲ್, 1901ರ ಹೊತ್ತಿಗೆ ಇದನ್ನು ಅಳೆದು ತೋರಿಸಿದರು. ಬಿಸಿ ಗಾಳಿಯ ಕಾಟ ತಪ್ಪಿಸಿಕೊಳ್ಳುವುದಕ್ಕೇ ಅವರು ಬಹಳ ಒದ್ದಾಡಬೇಕಾಯಿತು. ಯಾಕೆಂದರೆ ಈ ನೂಕು ಅಷ್ಟು ಸಣ್ಣದು. ಮಧ್ಯಾಹ್ನದ ಬಿಸಿಲಿಗೆ ಅಂಗೈ ಒಡ್ಡಿದರೆ ಅದರ ಮೇಲೆ ಬೀಳುವ ಬಲ ಮೂರ್ನಾಲ್ಕು ಮೈಕ್ರೋಗ್ರಾಂ ತೂಕದಷ್ಟು.

ಅಂಗೈಗೆ ಇದು ಲೆಕ್ಕಕ್ಕಿಲ್ಲ. ಕಣ ಸಣ್ಣದಾದಾಗ ಕಥೆ ಬದಲಾಗುತ್ತದೆ. ಒಂದು ಮಿಲಿವ್ಯಾಟ್ ಬೆಳಕು ಪೂರ್ತಿ ಹೀರಿಹೋದರೆ ಸಿಗುವ ಬಲ 3.3 ಪೈಕೋನ್ಯೂಟನ್. ಪೈಕೋನ್ಯೂಟನ್ ಅಂದರೆ ಒಂದು ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಈಗ ಒಂದು ಮೈಕ್ರೋಮೀಟರ್ ಅಗಲದ ಪ್ಲಾಸ್ಟಿಕ್ ಗೋಲಿ ತೆಗೆದುಕೊಳ್ಳಿ. ಅದರ ತೂಕ 0.005 ಪೈಕೋನ್ಯೂಟನ್ ಚಿಲ್ಲರೆ. ಬೆಳಕಿನ ಹತ್ತರಲ್ಲೊಂದು ಪಾಲು ನೂಕು ಮಾತ್ರ ಅದಕ್ಕೆ ತಗುಲಿದರೂ, ಅದು ಗೋಲಿಯ ತೂಕದ 60 ಪಟ್ಟು ಆಯಿತು.

ಇದೇ ಲೆಕ್ಕ ಹಿಡಿದು ಹೊರಟವರು ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಆರ್ಥರ್ ಆಶ್ಕಿನ್. 1970ರಲ್ಲಿ ಅವರು ನೀರಿನಲ್ಲಿದ್ದ ಲೇಟೆಕ್ಸ್ ಗೋಲಿಗಳ ಮೇಲೆ ಆರ್ಗಾನ್ ಲೇಸರ್ ಬಿಟ್ಟರು. ಗೋಲಿಗಳು ಬೆಳಕಿನ ಜೊತೆ ಮುಂದಕ್ಕೆ ಸಾಗಿದವು. ಜೊತೆಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕಿರಣದ ಅಂಚಿನಲ್ಲಿದ್ದ ಗೋಲಿಗಳು ಕಿರಣದ ನಡುವಿಗೆ, ಬೆಳಕು ಹೆಚ್ಚಿರುವ ಕಡೆಗೆ, ಸೆಳೆದುಕೊಂಡು ಬರುತ್ತಿದ್ದವು. ಪಾರದರ್ಶಕ ಗೋಲಿಯೊಳಗೆ ಹೊಕ್ಕ ಬೆಳಕು ಬಾಗಿ ಹೊರಬರುತ್ತದೆ. ಬೆಳಕು ಒಂದು ಕಡೆ ಬಾಗಿದರೆ ಗೋಲಿ ಇನ್ನೊಂದು ಕಡೆ ಸರಿಯಬೇಕು. ನಡುವೆ ಬೆಳಕು ಜಾಸ್ತಿ, ಅಂಚಿನಲ್ಲಿ ಕಡಿಮೆ. ಎರಡೂ ಕಡೆಯ ನೂಕು ಸಮನಾಗುವುದಿಲ್ಲ, ಗೋಲಿ ನಡುವಿಗೇ ಬರುತ್ತದೆ. 1986ರಲ್ಲಿ ಆಶ್ಕಿನ್ ಮತ್ತು ಜೊತೆಗಾರರು ಲೇಸರನ್ನು ಒಂದು ಬಿಂದುವಿಗೆ ಬಿಗಿಯಾಗಿ ಕೇಂದ್ರೀಕರಿಸಿ, ಅಲ್ಲೇ ಕಣವನ್ನು ಹಿಡಿದು ನಿಲ್ಲಿಸಿದರು. 10 ಮೈಕ್ರೋಮೀಟರ್‌ನಿಂದ 25 ನ್ಯಾನೋಮೀಟರ್‌ವರೆಗಿನ ಕಣಗಳು ಸಿಕ್ಕಿಬಿದ್ದವು (ನ್ಯಾನೋಮೀಟರ್ ಅಂದರೆ ಮೈಕ್ರೋಮೀಟರಿನ ಸಾವಿರದಲ್ಲಿ ಒಂದು ಪಾಲು). ಮರುವರ್ಷ ವೈರಸ್, ಬ್ಯಾಕ್ಟೀರಿಯಾಗಳೂ ಸಿಕ್ಕವು. ಬೆಳಕಿನ ಚಿಮುಟ ಅಂತ ಕರೆಯುವುದು ಇದನ್ನೇ. ನೊಬೆಲ್ ಬಂದದ್ದು 2018ರಲ್ಲಿ, ಆಗ ಆಶ್ಕಿನ್‌ಗೆ 96 ವರ್ಷ.

ಹಾಗಾದರೆ ಕಣ ಸಣ್ಣದಾದಷ್ಟೂ ಬೆಳಕಿಗೆ ಸುಲಭವಾ? ಇಲ್ಲ, ಇಲ್ಲೇ ತೊಡಕು. ನಡುವಿಗೆ ಸೆಳೆಯುವ ಬಲ ಕಣದ ಘನಗಾತ್ರವನ್ನು ಅವಲಂಬಿಸಿದೆ. ಅಗಲ ಹತ್ತರಲ್ಲೊಂದಾದರೆ ಬಲ ಸಾವಿರದಲ್ಲೊಂದಾಗುತ್ತದೆ. ನೀರಿನ ತಡೆ ಮಾತ್ರ ಹತ್ತರಲ್ಲೊಂದಕ್ಕೆ ಇಳಿಯುತ್ತದೆ, ಅಷ್ಟೇ. ಇದರ ಮೇಲೆ ನೀರಿನ ಅಣುಗಳ ಗುದ್ದಾಟ ಬೇರೆ.

ಈ ಗುದ್ದಾಟವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಪರಾಗದೊಳಗಿನ ಸಣ್ಣ ಕಣಗಳು ನೀರಿನಲ್ಲಿ ನಿಲ್ಲದೆ ಕುಣಿಯುವುದನ್ನು ಕಂಡರು. ಜೀವ ಇರುವುದರಿಂದಲೋ ಏನೋ ಅಂತ, ಕಲ್ಲಿನ ಪುಡಿಯನ್ನೂ ಹಾಕಿ ನೋಡಿದರು. ಅದೂ ಕುಣಿಯಿತು. 1905ರಲ್ಲಿ ಐನ್‌ಸ್ಟೈನ್ ಕಾರಣ ಕೊಟ್ಟರು: ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಗುದ್ದುತ್ತಿವೆ, ಗುದ್ದುಗಳು ಸರಿಸಮನಾಗಿಲ್ಲ. ಫ್ರಾನ್ಸಿನ ಝಾನ್ ಪೆರಾಂ ಕೆಲವೇ ವರ್ಷಗಳಲ್ಲಿ ಅದನ್ನು ಪ್ರಯೋಗದಿಂದ ಖಚಿತಪಡಿಸಿ 1926ರಲ್ಲಿ ನೊಬೆಲ್ ಪಡೆದರು. ಅಣು ಅನ್ನುವುದು ನಿಜಕ್ಕೂ ಇದೆ ಅಂತ ಅನುಮಾನದವರೂ ಒಪ್ಪಿದ್ದು ಈ ಕುಣಿತದಿಂದಲೇ.

100 ನ್ಯಾನೋಮೀಟರ್ ಅಗಲದ ಒಂದು ಕಣ 25 ಡಿಗ್ರಿ ನೀರಿನಲ್ಲಿದೆ ಅಂತಿಟ್ಟುಕೊಳ್ಳಿ. ಯಾರೂ ತಳ್ಳದೆಯೇ, ಯಾವುದೇ ಒಂದು ದಿಕ್ಕಿನಲ್ಲಿ ಅದು ಸೆಕೆಂಡಿಗೆ ಸುಮಾರು 3 ಮೈಕ್ರೋಮೀಟರ್ ಅತ್ತಿತ್ತ ಆಗಿರುತ್ತದೆ. ತನ್ನ ಮೈಯಗಲದ 30 ಪಟ್ಟು! ಬರೀ ಜಾಗ ಬದಲಾಗುವುದಲ್ಲ, ಮುಖವೂ ತಿರುಗುತ್ತಿರುತ್ತದೆ. ಈ ಗಾತ್ರದ ಕಣ ತಾನು ಯಾವ ಕಡೆ ಮುಖ ಮಾಡಿದ್ದೆ ಅನ್ನುವುದನ್ನು ಒಂದು ಮಿಲಿಸೆಕೆಂಡಿನೊಳಗೆ ಮರೆತುಬಿಡುತ್ತದೆ. ಎರಡು ಮೈಕ್ರೋಮೀಟರ್ ಅಗಲದ್ದಾದರೆ ಅದೇ ಮರೆವಿಗೆ ಕೆಲವು ಸೆಕೆಂಡು ಬೇಕು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಚಿತ್ರ: ಇಲ್ಲಿ ಜಡತ್ವ ಅನ್ನುವುದಕ್ಕೆ ಬೆಲೆಯೇ ಇಲ್ಲ. ತಳ್ಳುವುದನ್ನು ನಿಲ್ಲಿಸಿದರೆ 100 ನ್ಯಾನೋಮೀಟರಿನ ಪ್ಲಾಸ್ಟಿಕ್ ಕಣ ಕೆಲವೇ ನ್ಯಾನೋಸೆಕೆಂಡುಗಳಲ್ಲಿ ವೇಗ ಕಳೆದುಕೊಳ್ಳುತ್ತದೆ. ಅಷ್ಟರಲ್ಲಿ ಅದು ಜಾರಿರುವ ದೂರ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಕಣ ಚಲಿಸುತ್ತಲೇ ಇದೆ ಅಂದರೆ ಏನೋ ಒಂದು ಅದನ್ನು ತಳ್ಳುತ್ತಲೇ ಇದೆ ಅಂತ ಅರ್ಥ. ಆ ಏನೋ ಯಾವುದು ಅನ್ನುವುದೇ ಪ್ರಶ್ನೆ.

ಶಂಕಿತರಲ್ಲಿ ಬಿಸಿಗೆ ಮೊದಲ ಸ್ಥಾನ. ಚಿನ್ನದ ದುಂಡು ನ್ಯಾನೋಕಣ ಹಸಿರು ಬೆಳಕನ್ನು, ಸುಮಾರು 520ರಿಂದ 530 ನ್ಯಾನೋಮೀಟರ್ ತರಂಗಾಂತರದ್ದನ್ನು, ಬಹಳ ಚೆನ್ನಾಗಿ ಹೀರುತ್ತದೆ. ಚಿನ್ನದ ಎಲೆಕ್ಟ್ರಾನುಗಳೆಲ್ಲ ಬೆಳಕಿನ ತಾಳಕ್ಕೆ ಒಟ್ಟಾಗಿ ತೂಗುವುದರಿಂದ ಹೀಗಾಗುತ್ತದೆ. ಇದಕ್ಕೆ ಪ್ಲಾಸ್ಮಾನ್ ಅನುರಣನ ಅನ್ನುತ್ತಾರೆ. ಹೀರಿದ್ದೆಲ್ಲ ಬಿಸಿಯಾಗುತ್ತದೆ. ನೀರಿನಲ್ಲಿರುವ 100 ನ್ಯಾನೋಮೀಟರ್ ಕಣ 10 ಮೈಕ್ರೋವ್ಯಾಟ್ ಬೆಳಕು ಹೀರಿದರೆ ಸಾಕು, ಅದರ ಮೈ ಸುತ್ತಲಿನ ನೀರಿಗಿಂತ ಸುಮಾರು 26 ಡಿಗ್ರಿ ಬಿಸಿಯಾಗುತ್ತದೆ. ಈ ಬಿಸಿ ಹಲವು ಆಟ ಆಡುತ್ತದೆ. ದೊಡ್ಡ ಪಾತ್ರೆಯಾದರೆ ನೀರು ಮೇಲೆದ್ದು ಸುತ್ತುತ್ತದೆ, ಕಣ ಆ ಹರಿವಿಗೆ ಸಿಕ್ಕಿ ಹೋಗುತ್ತದೆ. ಇನ್ನು ಒಂದು ಕಡೆ ಬಿಸಿ, ಒಂದು ಕಡೆ ತಂಪು ಇದ್ದರೆ ಕಣ ತಾನಾಗಿಯೇ ಸರಿಯುತ್ತದೆ. ಹೆಚ್ಚಿನ ಸಲ ತಂಪಿನ ಕಡೆಗೆ, ಕೆಲವೊಮ್ಮೆ ಬಿಸಿಯ ಕಡೆಗೆ. ಅದು ಕಣದ ಮೈ ಮತ್ತು ನೀರಿನಲ್ಲಿರುವ ಉಪ್ಪಿನ ಮೇಲೆ ನಿಂತಿದೆ.

ಈ ಬಿಸಿಯನ್ನೇ ಎಂಜಿನ್ ಮಾಡಿಕೊಂಡವರೂ ಇದ್ದಾರೆ. 2010ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದವರು ಒಂದು ಮೈಕ್ರೋಮೀಟರಿನ ಸಿಲಿಕಾ ಗೋಲಿಯ ಅರ್ಧಕ್ಕೆ ಮಾತ್ರ ಚಿನ್ನ ಲೇಪಿಸಿದರು. ಲೇಸರ್ ಬಿದ್ದಾಗ ಚಿನ್ನದ ಬದಿ ಬಿಸಿಯಾಗುತ್ತದೆ, ಇನ್ನೊಂದು ಬದಿ ಆಗುವುದಿಲ್ಲ. ಬಿಸಿ ತಂಪಿನ ಈ ವ್ಯತ್ಯಾಸ ಗೋಲಿಯ ಜೊತೆಗೇ ಪ್ರಯಾಣ ಮಾಡುತ್ತದೆ. ಹಾಗಾಗಿ ಗೋಲಿ ತನ್ನಷ್ಟಕ್ಕೆ ಈಜುತ್ತದೆ. ಇಲ್ಲಿ ಬೆಳಕು ಕೊಡುವುದು ಶಕ್ತಿಯನ್ನು ಮಾತ್ರ. ದಿಕ್ಕು ಗೋಲಿಯ ಮುಖದ್ದು. ಮರುವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನ ತಂಡ ಇನ್ನೂ ಜಾಣ ದಾರಿ ಹಿಡಿಯಿತು. ನೀರು ಮತ್ತು ಲುಟಿಡಿನ್ ಎಂಬ ದ್ರವದ ಮಿಶ್ರಣ ಸುಮಾರು 34 ಡಿಗ್ರಿ ದಾಟಿದರೆ ಒಡೆದು ಬೇರೆಯಾಗುತ್ತದೆ. ಅದಕ್ಕಿಂತ ಸ್ವಲ್ಪ ಕೆಳಗೆ ಮಿಶ್ರಣವನ್ನಿಟ್ಟು, ಅರ್ಧ ಚಿನ್ನದ ಗೋಲಿಗೆ ಮಂದ ಬೆಳಕು ಬಿಟ್ಟರು. ಚಿನ್ನದ ಬದಿಯ ಪಕ್ಕದಲ್ಲಷ್ಟೇ ಮಿಶ್ರಣ ಒಡೆಯಿತು, ಗೋಲಿ ಓಡಿತು. ಬಿಸಿ ಕಡಿಮೆ, ಓಟ ಜಾಸ್ತಿ.

2013ರಲ್ಲಿ ನ್ಯೂಯಾರ್ಕ್‌ನಲ್ಲಿ ರಾಸಾಯನಿಕ ಎಂಜಿನ್ ಬಂತು. ಪ್ಲಾಸ್ಟಿಕ್ ಗೋಲಿಯಲ್ಲಿ ಹೆಮಟೈಟ್‌ನ, ಅಂದರೆ ಒಂದು ಬಗೆಯ ಕಬ್ಬಿಣದ ಆಕ್ಸೈಡ್‌ನ, ಪುಟ್ಟ ತುಂಡು ಹುದುಗಿಸಿದ್ದರು. ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್. ನೀಲಿ ಬೆಳಕು ಹಾಕಿದರೆ ಹೆಮಟೈಟ್ ಪೆರಾಕ್ಸೈಡನ್ನು ಒಡೆಯಲು ಶುರು ಮಾಡುತ್ತದೆ, ಗೋಲಿಗಳು ಓಡಾಡಿ ಒಂದಕ್ಕೊಂದು ಅಂಟಿ ಹರಳಿನಂತೆ ಗುಂಪುಗೂಡುತ್ತವೆ. ಬೆಳಕು ಆರಿಸಿದರೆ ಗುಂಪು ಚದುರಿಹೋಗುತ್ತದೆ. ನನಗೆ ಈ ಕ್ಷೇತ್ರದಲ್ಲಿ ತುಂಬ ಇಷ್ಟವಾದ ಪ್ರಯೋಗ ಇದು. ಸ್ವಿಚ್ ಹಾಕಿ ತೆಗೆದರೆ ಕಾರಣವೂ ಪರಿಣಾಮವೂ ಎದುರೆದುರೇ ಕಾಣುತ್ತವೆ.

ಇವೆಲ್ಲ ಮೈಕ್ರೋಮೀಟರ್ ಗಾತ್ರದ ಆಸುಪಾಸಿನ ಗೋಲಿಗಳು. ನಿಜವಾದ ನ್ಯಾನೋ ಗಾತ್ರಕ್ಕೆ ಇಳಿದರೆ ಏನಾಗುತ್ತದೆ ಅಂತ ನೋಡಲು, ಮೊದಲು ಅವನ್ನು ಕಾಣುವುದು ಹೇಗೆ ಅಂತ ತಿಳಿಯಬೇಕು. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ 200 ನ್ಯಾನೋಮೀಟರಿಗಿಂತ ಸಣ್ಣ ವಿವರ ಕಾಣುವುದಿಲ್ಲ. ಆದರೆ ವಿವರ ಕಾಣದಿದ್ದರೇನು, ಕಣ ಇರುವ ಜಾಗ ಕಂಡರೆ ಸಾಕಲ್ವಾ? ಬೆಳಕನ್ನು ಓರೆಯಾಗಿ ಬಿಟ್ಟು, ಕಣದಿಂದ ಚದುರಿದ್ದು ಮಾತ್ರ ಕಣ್ಣಿಗೆ ಬರುವಂತೆ ಮಾಡಿದರೆ ಕಪ್ಪು ಹಿನ್ನೆಲೆಯಲ್ಲಿ ಕಣ ಒಂದು ಚುಕ್ಕಿಯಾಗಿ ಹೊಳೆಯುತ್ತದೆ. ಝೀಡೆಂಟಾಫ್ ಮತ್ತು ಝಿಗ್‌ಮಂಡಿ 1903ರ ಹೊತ್ತಿಗೇ ಇಂಥ ಉಪಕರಣ ಮಾಡಿದ್ದರು. ಇಂದು ಅದಕ್ಕೆ ಕ್ಯಾಮೆರಾ ಜೋಡಿಸುತ್ತಾರೆ. ಚುಕ್ಕಿ ಮಸುಕಾಗಿದ್ದರೂ ಅದರ ನಡುಬಿಂದು ಎಲ್ಲಿದೆ ಅಂತ ಲೆಕ್ಕ ಹಾಕಿದರೆ, ಕೆಲವೇ ನ್ಯಾನೋಮೀಟರುಗಳ ನಿಖರತೆಯಲ್ಲಿ ಜಾಗ ಗೊತ್ತಾಗುತ್ತದೆ. ಒಂದೊಂದು ಫ್ರೇಮಿನಲ್ಲೂ ಹೀಗೆ ಗುರುತಿಸಿದರೆ ಕಣದ ದಾರಿ ಸಿಗುತ್ತದೆ.

ದಾರಿ ಸಿಕ್ಕ ಮೇಲೆ ಒಂದು ಪರೀಕ್ಷೆ. ಹೊರಟ ಜಾಗದಿಂದ ಕಣ ಎಷ್ಟು ದೂರ ಹೋಯಿತು, ಎಷ್ಟು ಸಮಯದಲ್ಲಿ? ಬರೀ ಅಲೆದಾಟವಾದರೆ, ನಾಲ್ಕು ಪಟ್ಟು ಸಮಯ ಕೊಟ್ಟರೆ ದೂರ ಎರಡೇ ಪಟ್ಟಾಗುತ್ತದೆ. ನೆಟ್ಟಗೆ ಓಡುತ್ತಿದ್ದರೆ ನಾಲ್ಕು ಪಟ್ಟು. ಸ್ವಂತ ಎಂಜಿನ್ ಇರುವ ಗೋಲಿ ಎರಡನ್ನೂ ತೋರಿಸುತ್ತದೆ. ಮೊದಲ ಕ್ಷಣಗಳಲ್ಲಿ ನೆಟ್ಟಗಿನ ಓಟ, ಮುಖ ತಿರುಗಿ ದಿಕ್ಕು ಮರೆತ ಮೇಲೆ ಮತ್ತೆ ಅಲೆದಾಟ. ಆದರೆ ಎಂಜಿನ್ ಇಲ್ಲದ ಗೋಲಿಗಿಂತ ದೊಡ್ಡ ಅಲೆದಾಟ.

ಇನ್ನು ಲೆಕ್ಕ ನೋಡಿ. 100 ನ್ಯಾನೋಮೀಟರ್ ಅಗಲದ ಕಣಕ್ಕೆ ಸೆಕೆಂಡಿಗೆ 10 ಮೈಕ್ರೋಮೀಟರ್ ಓಡುವ ಎಂಜಿನ್ ಕೊಟ್ಟಿದ್ದೀವಿ ಅಂತಿಟ್ಟುಕೊಳ್ಳಿ. ಮಿಲಿಸೆಕೆಂಡಿನೊಳಗೆ ಅದರ ಮುಖ ತಿರುಗುವುದರಿಂದ ಯಾವ ದಿಕ್ಕಿನಲ್ಲೂ ನೆಟ್ಟಗೆ ಹೋಗಲಾಗದು. ಕೊನೆಗೆ ಆ ಎಂಜಿನ್‌ನಿಂದ ಅಲೆದಾಟಕ್ಕೆ ಸೇರುವುದು ಶೇಕಡಾ ಅರ್ಧದಷ್ಟೂ ಇಲ್ಲ. ಅದೇ ನೀರು ಒಂದೇ ಒಂದು ಡಿಗ್ರಿ ಬಿಸಿಯಾದರೆ? ಬಿಸಿಗೆ ನೀರು ತೆಳುವಾಗಿ ಅಲೆದಾಟ ಶೇಕಡಾ 2ಕ್ಕಿಂತ ಜಾಸ್ತಿಯಾಗುತ್ತದೆ. ಅಂದರೆ ಎಂಜಿನ್ ಮಾಡುವ ಕೆಲಸಕ್ಕಿಂತ, ಎಂಜಿನ್ ಓಡಿಸಲು ಹಾಕಿದ ದೀಪದ ಶಾಖ ಮಾಡುವ ಕೆಲಸವೇ ಹಲವು ಪಟ್ಟು ದೊಡ್ಡದು! 'ಬೆಳಕು ಹಾಕಿದೆವು, ನ್ಯಾನೋಕಣಗಳ ಓಡಾಟ ಹೆಚ್ಚಾಯಿತು, ನೋಡಿ ಇವು ಈಜುತ್ತಿವೆ' ಅನ್ನುವ ಮಾತನ್ನು ಅನುಮಾನದಿಂದಲೇ ಓದಬೇಕು. ಕಣದ ಮೈ ಮಾತ್ರ ಬಿಸಿಯಾಗಿ ಸುತ್ತಲಿನ ನೀರು ತಂಪಾಗಿದ್ದಾಗ ಅಲೆದಾಟಕ್ಕೆ ಯಾವ ಉಷ್ಣಾಂಶ ಹಿಡಿಯಬೇಕು ಅನ್ನುವುದೇ ಒಂದು ಪ್ರಶ್ನೆ. 2010ರಲ್ಲಿ ಜರ್ಮನಿಯ ಲೈಪ್‌ಝಿಗ್‌ನ ವಿಜ್ಞಾನಿಗಳು ಇದನ್ನು ಬಿಡಿಸಿದರು. ಉತ್ತರ ಎರಡರ ನಡುವೆ ಎಲ್ಲೋ ಇರುತ್ತದೆ. ಅದನ್ನು ಲೆಕ್ಕ ಹಾಕುವ ಸೂತ್ರವನ್ನೂ ಕೊಟ್ಟರು.

ಹಾಗಾಗಿ ಒಳ್ಳೆಯ ಪ್ರಯೋಗದಲ್ಲಿ ತಾಳೆ ನೋಡುವ ಕೆಲಸವೇ ಹೆಚ್ಚು. ದೀಪ ಆರಿಸಿ ನೋಡುತ್ತಾರೆ. ಬೆಳಕಿನ ದಿಕ್ಕು ಬದಲಿಸುತ್ತಾರೆ: ಬೆಳಕಿನ ನೂಕಾದರೆ ಓಟದ ದಿಕ್ಕೂ ಬದಲಾಗಬೇಕು, ಸ್ವಂತ ಎಂಜಿನ್ ಆದರೆ ಬದಲಾಗಬೇಕಿಲ್ಲ. ಲೇಪನವಿಲ್ಲದ ಬರೀ ಗೋಲಿಗಳನ್ನೂ ಜೊತೆಗೆ ಹಾಕುತ್ತಾರೆ. ಅವೂ ಅದೇ ಕಡೆ ಹೋದರೆ ಹೊತ್ತೊಯ್ದದ್ದು ನೀರು.

ಈಗ ಎದುರಾಗಿ ಓಡಿದ ಚಿನ್ನದ ಕಣಕ್ಕೆ ಬರೋಣ. ನೀರಿನ ಮಾಮೂಲಿ ತಡೆಯಲ್ಲಿ 100 ನ್ಯಾನೋಮೀಟರ್ ಕಣ ಸೆಕೆಂಡಿಗೆ 34 ಸೆಂಟಿಮೀಟರ್ ಓಡಬೇಕಾದರೆ ಸುಮಾರು 280 ಪೈಕೋನ್ಯೂಟನ್ ಬಲ ಬೇಕು. ಬರೀ ಹೀರಿದ ಬೆಳಕಿನಿಂದ ಅದು ಬರಬೇಕಾದರೆ ಕಣವೊಂದೇ 85 ಮಿಲಿವ್ಯಾಟ್ ಹೀರಬೇಕು. ಅಷ್ಟು ಹೀರಿದ ಚಿನ್ನ ಓಡುವುದಿರಲಿ, ಚಿನ್ನವಾಗಿ ಉಳಿಯುವುದೇ ಇಲ್ಲ. ಹಾಗಾದರೆ ಬಲ ಹೆಚ್ಚಿಲ್ಲ, ತಡೆ ಕಡಿಮೆಯಾಗಿದೆ. ಹೇಗೆ? ಚೆನ್ನಾಗಿ ಕಾದ ದೋಸೆ ಹೆಂಚಿನ ಮೇಲೆ ನೀರು ಚಿಮುಕಿಸಿದಾಗ ಹನಿಗಳು ತಮ್ಮದೇ ಆವಿಯ ಪದರದ ಮೇಲೆ ಕೂತು ಜಾರಾಡುತ್ತವಲ್ಲ, ಇಲ್ಲೂ ಅಂಥದ್ದೇ. ಲೇಸರಿನಿಂದ ಕಾದ ಕಣ ತನ್ನ ಸುತ್ತ ನ್ಯಾನೋ ಗಾತ್ರದ ಗುಳ್ಳೆ ಎಬ್ಬಿಸುತ್ತದೆ. ಆಮೇಲೆ ಅದು ನೀರನ್ನು ಮುಟ್ಟುವುದೇ ಇಲ್ಲ, ಗುಳ್ಳೆಯೊಳಗೇ ಓಡುತ್ತದೆ. ತಡೆ ಹೆಚ್ಚುಕಡಿಮೆ ಇಲ್ಲ.

ಎದುರು ದಿಕ್ಕಿನ ಓಟಕ್ಕೂ ಗುಳ್ಳೆಯೇ ಕಾರಣ. ಗುಳ್ಳೆಯ ಒಳಗೆ, ಹೊರಗೆ ಬೆಳಕು ಬೇರೆ ಬೇರೆ ರೀತಿ ಸಾಗುತ್ತದೆ, ಗುಳ್ಳೆಯ ಗೋಡೆಯಲ್ಲಿ ಬಾಗುತ್ತದೆ. ಕಣ ಗುಳ್ಳೆಯೊಳಗೆ ಸರಿಯಾದ ಜಾಗದಲ್ಲಿದ್ದರೆ ಅದರ ಮೇಲೆ ಬೀಳುವ ಒಟ್ಟು ಬಲ ಹಿಮ್ಮುಖವಾಗುತ್ತದೆ. ಎಲ್ಲ ಕಣಕ್ಕೂ ಈ ಜಾಗ ಸಿಗುವುದಿಲ್ಲ. ಅದಕ್ಕೇ ಕೆಲವು ಮುಂದೆ, ಕೆಲವು ಹಿಂದೆ. ಇಲ್ಲಿ ತಳ್ಳಿದ್ದು ಬೆಳಕೂ ಹೌದು, ದಾರಿ ಬಿಡಿಸಿದ್ದು ಬಿಸಿಯೂ ಹೌದು.

ನಮ್ಮ ಬೆಂಗಳೂರಿನಲ್ಲೂ ಇಂಥ ಕೆಲಸ ಗಟ್ಟಿಯಾಗಿ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ 2016ರಲ್ಲಿ ಬೆಳಕಿನ ಚಿಮುಟದಲ್ಲಿ ಹಿಡಿದ ಒಂದೇ ಗೋಲಿಯಿಂದ ಸ್ಟರ್ಲಿಂಗ್ ಎಂಜಿನ್, ಅಂದರೆ ಬಿಸಿ ತಂಪಿನ ವ್ಯತ್ಯಾಸದಿಂದ ಓಡುವ ಒಂದು ಬಗೆಯ ಎಂಜಿನ್, ಮಾಡಿತು. ಗೋಲಿಯನ್ನು ಗುದ್ದುತ್ತಿದ್ದದ್ದು ನೀರಿನ ಅಣುಗಳಷ್ಟೇ ಅಲ್ಲ, ಸುತ್ತ ಈಜುತ್ತಿದ್ದ ಜೀವಂತ ಬ್ಯಾಕ್ಟೀರಿಯಾಗಳು ಕೂಡ. ಬ್ಯಾಕ್ಟೀರಿಯಾಗಳ ಚಟುವಟಿಕೆಯನ್ನು ಏರಿಳಿಸಿ ಎಂಜಿನ್ ಓಡಿಸಿದರು. ಅದೇ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಅವರ ಗುಂಪು 2019ರಲ್ಲಿ ಗಾಜಿನ ಸೂಕ್ಷ್ಮ ಕಡ್ಡಿಗೆ ಬೆಳ್ಳಿಯ ನ್ಯಾನೋ ಬಿಲ್ಲೆ ಅಂಟಿಸಿತು. ಕಡ್ಡಿಯನ್ನು ಲೇಸರ್ ಹಿಡಿದು ನಡೆಸುತ್ತದೆ. ಬೆಳ್ಳಿಯ ಅಂಚಿನಲ್ಲಿ ಬೆಳಕು ಒತ್ತೊತ್ತಾಗುವುದರಿಂದ ಅಲ್ಲಿ ಇನ್ನೂ ಸಣ್ಣ ಕಣಗಳು ಅಂಟಿಕೊಂಡು ಜೊತೆಗೇ ಬರುತ್ತವೆ. ಚಿಕ್ಕ ಕಣಕ್ಕೆ ಚಿಮುಟದ ಹಿಡಿತ ಸಾವಿರ ಪಟ್ಟು ಸಡಿಲವಾಗುತ್ತದೆ ಅಂದೆನಲ್ಲ, ಆ ತೊಡಕನ್ನು ಸುತ್ತಿಬಳಸಿ ದಾಟುವ ದಾರಿ ಇದು.

ಇನ್ನೊಂದು ದಾರಿ ಅಲೆದಾಟದ ಜೊತೆ ಜಗಳವಾಡದೇ ಇರುವುದು. 2013ರಲ್ಲಿ ಲೈಪ್‌ಝಿಗ್ ಮತ್ತು ಅಮೆರಿಕದ ಪ್ರಿನ್ಸ್‌ಟನ್‌ನವರು ಸೇರಿ ಅರ್ಧ ಚಿನ್ನದ ಗೋಲಿಯನ್ನು ಕ್ಯಾಮೆರಾದಲ್ಲಿ ನೋಡುತ್ತ ಕಾದರು. ನೀರಿನ ಗುದ್ದಿಗೆ ಅದರ ಮುಖ ತಾನಾಗಿಯೇ ತಿರುಗುತ್ತಿರುತ್ತದೆ. ಬೇಕಾದ ಕಡೆ ತಿರುಗಿದ ಕ್ಷಣ ಮಾತ್ರ ಲೇಸರ್ ಹಾಕುವುದು, ತಿರುಗಿಹೋದರೆ ಆರಿಸುವುದು. ಚುಕ್ಕಾಣಿಯೇ ಇಲ್ಲದ ಗೋಲಿ ಹೇಳಿದ ಜಾಗಕ್ಕೆ ಬಂತು. ಆದರೆ ಇದು ನಡೆಯುವುದು ಮುಖ ತಿರುಗಲು ಸೆಕೆಂಡು ಹಿಡಿಯುವ ಮೈಕ್ರೋಮೀಟರ್ ಗಾತ್ರದ ಗೋಲಿಗೆ. 100 ನ್ಯಾನೋಮೀಟರ್ ಕಣಕ್ಕೆ ಇದನ್ನೇ ಮಾಡಬೇಕಾದರೆ ಕ್ಯಾಮೆರಾ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯಬೇಕು. ಅಷ್ಟು ಬೇಗ ತೆಗೆದ ಚಿತ್ರದಲ್ಲಿ ಕಣ ಕಾಣಬೇಕಾದರೆ ಬೆಳಕು ಜಾಸ್ತಿ ಬೇಕು. ಬೆಳಕು ಜಾಸ್ತಿಯಾದರೆ ಕಣ ಬಿಸಿಯಾಗುತ್ತದೆ, ಬಿಸಿಯಾದರೆ ಇನ್ನೂ ಬೇಗ ತಿರುಗುತ್ತದೆ.